ಉಟ್ಟ ಬಟ್ಟೆಯ ಆರು ಮೂಲೆ



ಕೌದಿ ಹೊಲಿಯಲು ಅಂಗಳ ಬೇಕು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಯಾವ ಹೆಣ್ಣುಮಗಳನ್ನು ಕೇಳಿದರೂ ಮೊದಲು ಇದನ್ನೇ ಹೇಳುತ್ತಾಳೆ. ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಸಾರಿಸಿದ ನೆಲದ ಮೇಲೋ ಗುಡಿಯ ಕಟ್ಟೆಯ ಮೇಲೋ ಒಂದಿಷ್ಟೂ ಸುಕ್ಕಿಲ್ಲದಂತೆ ಒಂದರ ಮೇಲೊಂದು ಹಾಸಬೇಕು. ಗಾಳಿಗೆ ಏಳದಂತೆ ಮೂಲೆಗಳಿಗೆ ಕಲ್ಲು ಇಡಬೇಕು. ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದು ನಿಲ್ಲಿಸಬೇಕು. ಆಮೇಲೆ ಮೂರು ನಾಲ್ಕು ಜನ ಸುತ್ತ ಕುಳಿತು, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ದಾರ ಎಳೆಯುತ್ತ ಹೋಗಬೇಕು. ಹೊಲದ ಕೆಲಸ ಮುಗಿದ ಬೇಸಿಗೆ ಇದಕ್ಕೆ ಹೇಳಿ ಮಾಡಿಸಿದ ಕಾಲ. ನಮ್ಮ ಕಡೆ ಕೆಲವು ಮನೆಗಳಲ್ಲಿ ನಡುವಿನ ಕೊನೆಯ ಸಾಲು ಮುಚ್ಚುವ ಮುಂಚೆ ಒಳಗೆ ನಾಲ್ಕು ಕಾಳು ಇಟ್ಟು ಹೊಲಿಯುತ್ತಿದ್ದರು. ಕೌದಿಯ ಹೊಟ್ಟೆ ಬರಿದಾಗಿರಬಾರದು ಎನ್ನುತ್ತಿದ್ದರು.

ನಾನೀಗ ಇರುವುದು ಹೈದರಾಬಾದಿನ ಕೊಂಡಾಪುರದಲ್ಲಿ, ಮಗನ ಮನೆಯಲ್ಲಿ. ಈ ಊರು ನಮ್ಮವರಿಗೆ ಹೊಸದೇನಲ್ಲ. 1948ರವರೆಗೆ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು ನಿಜಾಮರ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರವರೆಗೂ ಹೈದರಾಬಾದೇ ನಮ್ಮ ರಾಜಧಾನಿ. ನಮ್ಮ ಹಿರಿಯರು ಓದಿಗೆ, ಕೋರ್ಟು ಕಚೇರಿ ಕೆಲಸಕ್ಕೆ ಇಲ್ಲಿಗೇ ಬರುತ್ತಿದ್ದರು. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ಅಲ್ಲಿಯ ನೃಪತುಂಗ ಶಾಲೆ ಆ ನಂಟಿನ ಗುರುತುಗಳು. ಆದರೆ ಕೊಂಡಾಪುರ ಬೇರೆಯೇ ಲೋಕ. 1998ರಲ್ಲಿ ಮಾದಾಪುರದ ಬಳಿ ಸೈಬರ್ ಟವರ್ಸ್ ಎದ್ದ ಮೇಲೆ ಈ ಭಾಗವೆಲ್ಲ ಎತ್ತರದ ಕಟ್ಟಡಗಳಿಂದ ತುಂಬಿಕೊಂಡಿತು. ಮಕ್ಕಳು ಕಂಪ್ಯೂಟರ್ ಕೆಲಸಕ್ಕೆ ಬಂದರು, ಮೊಮ್ಮಕ್ಕಳನ್ನು ನೋಡಿಕೊಳ್ಳಲು ನನ್ನಂಥವರು ಹಿಂದೆಯೇ ಬಂದೆವು. ಇಲ್ಲಿ ಬಾಲ್ಕನಿ ಉಂಟು, ಲಿಫ್ಟ್ ಉಂಟು, ಕಾರು ನಿಲ್ಲಿಸಲು ನೆಲದಡಿ ಎರಡು ಅಂತಸ್ತು ಉಂಟು. ಒಂದು ಕೌದಿಯನ್ನು ಬಿಚ್ಚಿ ಹಾಸಿ ನಾಲ್ಕು ದಿನ ಹಾಗೆಯೇ ಬಿಡುವಷ್ಟು ಜಾಗ ಮಾತ್ರ ಎಲ್ಲಿಯೂ ಇಲ್ಲ.

ಅದಕ್ಕೇ ಇರಬೇಕು, ಇಲ್ಲಿಯ ಹೆಂಗಸರ ಕೈಗೆ ಬೇರೊಂದು ಹೊಲಿಗೆ ಬಂದಿದೆ. ಆರು ಮೂಲೆಯ ಸಣ್ಣ ಸಣ್ಣ ಬಟ್ಟೆಯ ತುಂಡುಗಳನ್ನು ಕೈಯಿಂದ ಒಂದಕ್ಕೊಂದು ಹೊಲಿದು ಜೋಡಿಸಿ, ಕಡೆಗೆ ಒಂದು ದೊಡ್ಡ ಹೊದಿಕೆ ಮಾಡುವ ಕೆಲಸ. ಇದಕ್ಕೆ ಅಂಗಳ ಬೇಡ, ಮಡಿಲಿದ್ದರೆ ಸಾಕು. ಮಗುವನ್ನು ಈಜಿನ ತರಗತಿಗೆ ಬಿಟ್ಟು ಕಾಯುವಾಗ, ಮೆಟ್ರೋದಲ್ಲಿ ಸೀಟು ಸಿಕ್ಕಾಗ, ಆಸ್ಪತ್ರೆಯ ಬೆಂಚಿನ ಮೇಲೆ ಹೆಸರು ಕರೆಯುವವರೆಗೆ ನಾಲ್ಕು ಬದಿ ಹೊಲಿದು ಮುಗಿಸಬಹುದು. ಎಲ್ಲ ಸಾಮಾನೂ ಒಂದು ಹಳೆಯ ಮಿಠಾಯಿ ಡಬ್ಬಿಯಲ್ಲಿ ಹಿಡಿಯುತ್ತದೆ.

ಇವತ್ತು ಈ ಹೊಲಿಗೆಯ ವಿಷಯವನ್ನೇ ನಿಮ್ಮೊಂದಿಗೆ ಹಂಚಿಕೊಳ್ಳಬೇಕೆಂದಿದ್ದೇನೆ. ಕೆಲಸ ಹೇಗೆಂದು ಮೊದಲು ಹೇಳುತ್ತೇನೆ, ಏಕೆಂದರೆ ಕೇಳುತ್ತ ಕೇಳುತ್ತಲೇ ಯಾರಾದರೂ ಸೂಜಿ ಹುಡುಕಲು ಎದ್ದರೆ ನನಗೆ ಅದಕ್ಕಿಂತ ಸಂತೋಷ ಬೇರೆ ಇಲ್ಲ.

ಮೊದಲು ಕಾಗದದ ಅಚ್ಚು. ಕೈವಾರವನ್ನು ಒಂದಿಂಚಿಗೆ ಹಿಡಿದು ದಪ್ಪ ಕಾಗದದ ಮೇಲೆ ವೃತ್ತ ಎಳೆಯಿರಿ. ಕೈವಾರದ ಅಳತೆ ಬದಲಿಸದೆ ವೃತ್ತದ ಗೆರೆಯ ಮೇಲೆ ಗುರುತು ಹಾಕುತ್ತ ಹೋದರೆ ಸರಿಯಾಗಿ ಆರು ಗುರುತಿಗೆ ಸುತ್ತು ಮುಗಿಯುತ್ತದೆ. ಆ ಆರನ್ನು ನೇರ ಗೆರೆಯಿಂದ ಸೇರಿಸಿ ಕತ್ತರಿಸಿದರೆ ಅಚ್ಚು ಸಿದ್ಧ. ಇದರ ಅಳತೆಯನ್ನು ಬದಿಯಿಂದ ಹೇಳುತ್ತಾರೆ. ಒಂದಿಂಚಿನದು ಎಂದರೆ ಪ್ರತಿ ಬದಿಯೂ ಒಂದಿಂಚು, ಮೂಲೆಯಿಂದ ಎದುರು ಮೂಲೆಗೆ ಎರಡಿಂಚು. ಕಾಗದಕ್ಕೆ ನಾವು ಬಳಸುವುದು ಲಗ್ನಪತ್ರಿಕೆ. ಅದಕ್ಕಿಂತ ಹದವಾದ ಕಾಗದ ಇನ್ನೊಂದಿಲ್ಲ. ಮಡಿಕೆ ಹಿಡಿಯುವಷ್ಟು ಗಟ್ಟಿ, ಬೆರಳಿಗೆ ಬಾಗುವಷ್ಟು ಮೆತ್ತಗೆ. ಮದುವೆ ಮುಗಿದ ಮೇಲೆ ಅದನ್ನು ಎಸೆಯಲು ಮನಸ್ಸಿಲ್ಲದೆ ಎಲ್ಲರ ಮನೆಯಲ್ಲೂ ಒಂದು ಕಟ್ಟು ಬಿದ್ದಿರುತ್ತದೆ.

ಇನ್ನು ಬಟ್ಟೆ. ಒಂದಿಂಚಿನ ಅಚ್ಚಿಗೆ ಎರಡೂವರೆ ಇಂಚಿನ ಚೌಕ ತುಂಡು ಸಾಕು. ಅಚ್ಚನ್ನು ಬಟ್ಟೆಯ ಒಳಮೈ ಮೇಲೆ ನಡುವಿಗೆ ಇಟ್ಟು, ಸುತ್ತ ಉಳಿದ ಅಂಚನ್ನು ಒಂದೊಂದೇ ಬದಿಯಾಗಿ ಕಾಗದದ ಮೇಲೆ ಮಡಿಚಿ, ಪ್ರತಿ ಮೂಲೆಯ ಮಡಿಕೆಯ ಮೇಲೆ ಒಂದು ಕಚ್ಚಾ ಹೊಲಿಗೆ ಹಾಕಿ ಹಿಡಿಸಬೇಕು. ಹೀಗೆ ಎರಡು ತುಂಡು ಸಿದ್ಧವಾದ ಮೇಲೆ ಅವುಗಳ ಹೊರಮೈಗಳನ್ನು ಎದುರುಬದುರು ಮಾಡಿ, ಅಂಚಿಗೆ ಅಂಚು ತಾಳೆ ಹಾಕಿ ಹಿಡಿದು, ಅಂಚಿನ ಮೇಲಿಂದ ಸೂಜಿಯನ್ನು ಸುತ್ತಿಸುತ್ತ ಹೊಲಿಯಬೇಕು. ಸೂಜಿ ಹಿಡಿಯಬೇಕಾದದ್ದು ಮಡಿಕೆಯ ತುದಿಯ ಎರಡು ಮೂರು ಎಳೆಗಳನ್ನು ಮಾತ್ರ. ಕಾಗದಕ್ಕೆ ಚುಚ್ಚಿದರೆ ಆಮೇಲೆ ಕಾಗದ ತೆಗೆಯುವಾಗ ಹೊಲಿಗೆಯೂ ಸಡಿಲವಾಗುತ್ತದೆ. ಒಂದಿಂಚಿನಲ್ಲಿ ಹದಿನೈದರಷ್ಟು ಹೊಲಿಗೆ ಬಂದರೆ ಒಳ್ಳೆಯದು. ಬಿಡಿಸಿ ನೋಡಿದಾಗ ಹೊರಗಿನಿಂದ ದಾರ ಕಾಣುವುದಿಲ್ಲ.

ದಾರ ಹತ್ತಿಯದಿರಲಿ, ಮೊಳದುದ್ದಕ್ಕಿಂತ ಹೆಚ್ಚು ಬೇಡ. ಸೂಜಿಗೆ ಪೋಣಿಸುವ ಮುಂಚೆ ದಾರವನ್ನು ಜೇನುಮೇಣದ ತುಂಡಿನ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕು ಬೀಳುವುದಿಲ್ಲ, ಬಟ್ಟೆಯ ಅಂಚಿಗೆ ಉಜ್ಜಿ ನಾರು ಏಳುವುದಿಲ್ಲ. ಆರು ಮೂಲೆಯ ಗೂಡು ಕಟ್ಟುವ ಹುಳದ ಮೇಣವೇ ಈ ಹೊಲಿಗೆಗೂ ಒದಗಿ ಬರುವುದು ನನಗೆ ಪ್ರತಿ ಸಲವೂ ಹಿತವೆನಿಸುತ್ತದೆ.

ನಡುವೆ ಒಂದು, ಸುತ್ತ ಆರು. ಏಳು ತುಂಡಿಗೆ ಒಂದು ಹೂವಾಯಿತು. ಅದರ ಸುತ್ತ ಇನ್ನೊಂದು ಸುತ್ತು ಬೇಕೆಂದರೆ ಹನ್ನೆರಡು ತುಂಡು, ಅದರಾಚೆಗೆ ಹದಿನೆಂಟು. ಯಾವ ತುಂಡಿನ ಆರೂ ಬದಿ ಹೊಲಿದಾಯಿತೋ ಆ ತುಂಡಿನ ಕಚ್ಚಾ ದಾರ ಬಿಚ್ಚಿ ಕಾಗದ ಎಳೆದುಕೊಳ್ಳಬಹುದು. ಆ ಕಾಗದ ಮತ್ತೆ ಹೊಸ ತುಂಡಿಗೆ ಬರುತ್ತದೆ.

ಕಾಗದ ಏತಕ್ಕೆ, ಬಟ್ಟೆಯನ್ನೇ ನೇರವಾಗಿ ಕತ್ತರಿಸಿ ಹೊಲಿಯಬಾರದೇ ಎಂದು ಕೇಳುವವರಿದ್ದಾರೆ. ಬಟ್ಟೆಯಲ್ಲಿ ಹಾಸು ಹೊಕ್ಕು ಎರಡೇ ದಿಕ್ಕು. ಆರು ಬದಿಗಳಲ್ಲಿ ಎರಡನ್ನು ನೂಲಿನ ನೇರಕ್ಕೆ ಇಟ್ಟುಕೊಂಡರೆ ಉಳಿದ ನಾಲ್ಕು ಬದಿಗಳು ಓರೆಯಾಗಿಯೇ ಬೀಳುತ್ತವೆ. ಓರೆಯಾಗಿ ಕತ್ತರಿಸಿದ ಬಟ್ಟೆ ಎಳೆದಷ್ಟೂ ಹಿಗ್ಗುತ್ತದೆ; ಕುಪ್ಪಸದ ಕತ್ತಿನ ಪಟ್ಟಿ ಹೊಲಿದವರಿಗೆಲ್ಲ ಗೊತ್ತು. ಕಾಗದ ಒಳಗಿರುವವರೆಗೆ ಬಟ್ಟೆ ಎತ್ತಲೂ ಜಗ್ಗದು. ಎಲ್ಲ ಬದಿಗಳೂ ಪಕ್ಕದವರ ಜೊತೆ ಹೊಲಿಗೆಯಾದ ಮೇಲೆ ಜಗ್ಗಲು ಎಡೆಯಿರುವುದಿಲ್ಲ. ಮಿಷನ್ನಿನ ಮೇಲೆ ಇದನ್ನು ಏಕೆ ಹೊಲಿಯುವುದಿಲ್ಲ ಎಂಬುದಕ್ಕೂ ಕಾರಣವಿದೆ. ಚೌಕ ತುಂಡುಗಳಾದರೆ ಉದ್ದಕ್ಕೆ ಒಂದೇ ನೇರ ಹೊಲಿಗೆಯಲ್ಲಿ ಸಾಲು ಸೇರಿಸಬಹುದು. ಇಲ್ಲಿ ಪ್ರತಿ ಮೂಲೆಯಲ್ಲೂ ಮೂರು ತುಂಡು ಕೂಡುತ್ತವೆ. ಒಂದಿಂಚಿಗೊಮ್ಮೆ ನಿಲ್ಲಿಸಿ, ಬಟ್ಟೆ ತಿರುಗಿಸಿ, ಮತ್ತೆ ಹೊರಡಬೇಕು. ಕೈಗೆ ಅದು ಸಲೀಸು, ಮಿಷನ್ನಿಗೆ ಕಿರುಕುಳ.

ಈ ಆಕೃತಿಯ ಬಗ್ಗೆ ಇನ್ನೊಂದು ಮಾತು. ಬದಿಗಳೂ ಕೋನಗಳೂ ಎಲ್ಲ ಸಮನಾದ ಒಂದೇ ಆಕೃತಿಯನ್ನು ಬಳಸಿ ಎಡೆ ಬಿಡದೆ ನೆಲ ತುಂಬಬೇಕೆಂದರೆ ಮೂರೇ ದಾರಿ: ತ್ರಿಕೋನ, ಚೌಕ, ಆರುಮೂಲೆ. ಒಂದೇ ವಿಸ್ತಾರದ ತುಂಡುಗಳಿಂದ ಒಂದು ಹಾಸು ಮಾಡುವಾಗ ಅವುಗಳ ನಡುವಿನ ಗೆರೆಗಳ ಒಟ್ಟು ಉದ್ದ ಎಲ್ಲಕ್ಕಿಂತ ಕಡಿಮೆ ಬರುವುದು ಆರುಮೂಲೆಯಲ್ಲಿ. ರೋಮಿನ ವಿದ್ವಾಂಸ ವಾರೋ ಎರಡು ಸಾವಿರ ವರ್ಷದ ಹಿಂದೆಯೇ ಜೇನುಗೂಡನ್ನು ಕುರಿತು ಇದನ್ನು ಊಹಿಸಿದ್ದ. ಗಣಿತದ ಪ್ರಕಾರ ಸಾಬೀತಾಗಲು 1999ರವರೆಗೆ ಕಾಯಬೇಕಾಯಿತು. ಥಾಮಸ್ ಹೇಲ್ಸ್ ಎಂಬ ಅಮೆರಿಕದ ಗಣಿತಜ್ಞ ಅದನ್ನು ಸಾಧಿಸಿ ತೋರಿಸಿದರು. ಹೊಲಿಯುವವರ ಲೆಕ್ಕದಲ್ಲಿ ಹೇಳುವುದಾದರೆ, ಅಷ್ಟೇ ದೊಡ್ಡ ಚೌಕಗಳಿಗಿಂತ ಆರುಮೂಲೆಗೆ ನೂರಕ್ಕೆ ಸುಮಾರು ಏಳರಷ್ಟು ಹೊಲಿಗೆ ಕಡಿಮೆ. ಹಾಗೆಂದು ಕೆಲಸ ಸಣ್ಣದೆಂದು ತಿಳಿಯಬೇಡಿ. ಐದಡಿ ಅಗಲ, ಏಳೂವರೆ ಅಡಿ ಉದ್ದದ ಹೊದಿಕೆಗೆ ಒಂದಿಂಚಿನ ತುಂಡುಗಳು ಎರಡು ಸಾವಿರಕ್ಕೂ ಹೆಚ್ಚು ಬೇಕು. ಹೊಲಿಯಬೇಕಾದ ಬದಿಗಳು ಆರು ಸಾವಿರದಷ್ಟು. ಅಷ್ಟು ತಾಳ್ಮೆ ಇಲ್ಲವೆನ್ನುವವರು ಎರಡಿಂಚಿನ ಅಚ್ಚು ಹಿಡಿಯಲಿ, ಐನೂರಿಪ್ಪತ್ತು ತುಂಡಿಗೆ ಮುಗಿಯುತ್ತದೆ.

ಹೈದರಾಬಾದಿನಲ್ಲಿ ಕುಳಿತು ಈ ಆಕೃತಿಗೆ ಮನಸ್ಸು ಕೊಡುವುದು ಸಹಜವೂ ಹೌದು. ಚಾರ್‌ಮಿನಾರಿನ ಹತ್ತಿರದ ಬಾದಶಾಹಿ ಆಶೂರ್ಖಾನಾಕ್ಕೆ ಹೋಗಿ ಬನ್ನಿ. ಮಹಮ್ಮದ್ ಕುಲಿ ಕುತುಬ್ ಷಾ 1590ರ ದಶಕದಲ್ಲಿ ಕಟ್ಟಿಸಿದ್ದು. ಅಲ್ಲಿಯ ಗೋಡೆಯ ಬಣ್ಣದ ಹೆಂಚುಗಳಲ್ಲಿ ಆರುಮೂಲೆಯ ಜೋಡಣೆಯನ್ನು ಕಣ್ಣಾರೆ ನೋಡಬಹುದು. ಬಣ್ಣದ ಚೂರುಗಳನ್ನು ಕೂಡಿಸಿ ಗೋಡೆ ತುಂಬುವ ಆ ಕೈಚಳಕದ ಇನ್ನೂ ಹಳೆಯ ಮಾದರಿ ನಮ್ಮ ಬೀದರಿನಲ್ಲೇ ಇದೆ, 1472ರಲ್ಲಿ ಮುಗಿದ ಮಹಮೂದ್ ಗವಾನರ ಮದರಸಾದ ಮಿನಾರದ ಮೇಲೆ.

ಕಾಗದದ ಮೇಲೆ ಬಟ್ಟೆ ಮಡಿಚಿ ಹೊಲಿಯುವ ಪದ್ಧತಿ ನಮಗೆ ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1718ರ ಇಸವಿಯನ್ನು ತನ್ನಲ್ಲೇ ಹೊಲಿದುಕೊಂಡಿರುವ ಒಂದು ರೇಷ್ಮೆಯ ಹೊದಿಕೆ ಇದೆ. ಅದರೊಳಗಿನ ಕಾಗದಗಳು ಇವತ್ತಿಗೂ ಹಾಗೆಯೇ ಇವೆ. ಹೊಲಿದವರು ತೆಗೆಯದೆ ಬಿಟ್ಟ ಇಂಥ ಕಾಗದಗಳೇ ಹಳೆಯ ಹೊದಿಕೆಗಳ ವಯಸ್ಸು ಹೇಳುತ್ತವೆ. ಪತ್ರ, ಲೆಕ್ಕದ ಹಾಳೆ, ಮಕ್ಕಳ ಕಾಪಿ ಪುಸ್ತಕದ ಪುಟ, ಕೈಗೆ ಸಿಕ್ಕಿದ್ದನ್ನೆಲ್ಲ ಅಚ್ಚಿಗೆ ಕತ್ತರಿಸಿದ್ದಾರೆ. ಅಮೆರಿಕದಲ್ಲಿ 1835ರಲ್ಲೇ ಹೆಂಗಸರ ಮಾಸಪತ್ರಿಕೆಯೊಂದು ಆರುಮೂಲೆಯ ಮಾದರಿಯನ್ನು ಅಚ್ಚು ಹಾಕಿತ್ತು. ಮುಂದೆ 1930ರ ದಶಕದಲ್ಲಿ, ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ, ಅಲ್ಲಿಯ ಮನೆಮನೆಯಲ್ಲೂ ಈ ಹೂಗಳು ಅರಳಿದವು. ಹಿಟ್ಟಿನ, ಕೋಳಿ ಮೇವಿನ ಚೀಲದ ಬಟ್ಟೆಯನ್ನೂ ಬಿಡದೆ ಬಳಸಿದರು.

ಇದನ್ನೆಲ್ಲ ಏಕೆ ಹೇಳಿದೆನೆಂದರೆ, ಈಗ ಕೊಂಡಾಪುರದಲ್ಲಿ ನಾನು ನೋಡುತ್ತಿರುವುದು ಇದಕ್ಕೆ ತಿರುಗುಮುರುಗು. ಸಮನಾಗಿ ಕತ್ತರಿಸಿದ ಹೊಸ ಬಟ್ಟೆಯ ತುಂಡುಗಳು ಬಣ್ಣಕ್ಕೆ ಬಣ್ಣ ಹೊಂದಿಸಿ ಪೊಟ್ಟಣದಲ್ಲಿ ಸಿಗುತ್ತವೆ, ಅಚ್ಚಿನ ಕಾಗದವೂ ಸಿಗುತ್ತದೆ. ಫೋನಿನಲ್ಲಿ ಒತ್ತಿದರೆ ಮನೆ ಬಾಗಿಲಿಗೆ ಬರುತ್ತದೆ. ಇಡೀ ಹೊದಿಕೆಗೆ ಬೇಕಾದ ಹೊಸ ಬಟ್ಟೆಯನ್ನು ಮೀಟರ್‌ಗಟ್ಟಲೆ ಕೊಂಡು, ಅದನ್ನು ಚೂರು ಮಾಡಿ, ಮತ್ತೆ ಕೂಡಿಸುತ್ತಾರೆ. ಕೈಕೆಲಸ ಚೆನ್ನಾಗಿಯೇ ಇರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈ ದಾರಿ ನನಗೆ ಒಪ್ಪಿಗೆಯಿಲ್ಲ. ಚಿಂದಿಯನ್ನೂ ಬಿಡದೆ ಬಳಸಿಕೊಳ್ಳುತ್ತ ಬಂದ ಹೊಲಿಗೆ ಇದು. ಇಡೀ ಬಟ್ಟೆಯನ್ನು ಚಿಂದಿ ಮಾಡಿ ಆಮೇಲೆ ಹೊಲಿಯುವುದರಲ್ಲಿ ಅದರ ಅರ್ಧ ಪ್ರಾಣವೇ ಹೋಗುತ್ತದೆ. ಉಟ್ಟ ಬಟ್ಟೆಯಿಂದಲೇ ಇದನ್ನು ಹೊಲಿಯಬೇಕು ಎನ್ನುವುದು ನನ್ನ ಗಟ್ಟಿ ನಂಬಿಕೆ.

ಇದನ್ನು ನನಗೆ ಕಲಿಸಿದವರು ಪುಸ್ತಕದವರಲ್ಲ. ನಾನು ಹೊಸ ಸೊಸೆಯಾಗಿದ್ದಾಗ ಯಾದಗಿರಿ ಕಡೆಯ ನಮ್ಮ ಊರಿಗೆ ಬೇಸಿಗೆಯಲ್ಲಿ ಕೌದಿ ಹೊಲಿದುಕೊಡುವ ಹೆಂಗಸರು ಬರುತ್ತಿದ್ದರು. ಓಣಿಯಲ್ಲಿ ಕೂಗುತ್ತ ಬಂದು, ಕಟ್ಟೆಯ ಮೇಲೆ ಕುಳಿತು, ಮನೆಯವರು ತಂದುಕೊಟ್ಟ ಅರಿವೆಯನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಒಮ್ಮೆ ನಾನು ಹುರುಪಿನಿಂದ ಮೇಲಿನ ಪದರಕ್ಕೆ ಹೊಸ ವಾಯಿಲ್ ಬಟ್ಟೆ ತಂದುಕೊಟ್ಟೆ. ಅವರಲ್ಲಿ ಹಿರಿಯಳಾದಾಕೆ ಅದನ್ನು ಹಾಗೇ ಮಡಿಚಿ ನನ್ನ ಕೈಗೆ ಕೊಟ್ಟು, “ಹೊಸಾದು ಬ್ಯಾಡ್ರೆವ್ವಾ, ಉಟ್ಟಿದ್ದ ಕೊಡ್ರಿ. ಹೊಸಾ ಅರಿವಿ ಸೂಜಿಗಿ ಮಾತ ಕೇಳಂಗಿಲ್ಲ, ಮೈಗೂ ಹತ್ತಂಗಿಲ್ಲ” ಎಂದಳು. ಹೇಳಿದ್ದು ಅಷ್ಟೇ. ನೂರಾರು ಸಲ ನೀರು ಬಿಸಿಲು ಕಂಡ ಹತ್ತಿಯ ಗಂಜಿಯೆಲ್ಲ ಹೋಗಿರುತ್ತದೆ, ಕುಗ್ಗುವಷ್ಟು ಕುಗ್ಗಿರುತ್ತದೆ, ಬಿಡುವ ಬಣ್ಣವನ್ನೆಲ್ಲ ಬಿಟ್ಟಿರುತ್ತದೆ. ಐದಾರು ಪದರವಿದ್ದರೂ ಸೂಜಿ ನಯವಾಗಿ ಇಳಿಯುತ್ತದೆ. ಹೊಸದು ಒಗೆದ ಮೇಲೆ ಕುಗ್ಗಿ, ಪಕ್ಕದ ಹಳೆಯ ತುಂಡನ್ನು ಎಳೆದು ಹರಿಯುತ್ತದೆ. ಕೂಸಿಗೆ ಮೊದಲ ಹಾಸು ಅಜ್ಜಿಯ ಹಳೆಯ ಸೀರೆಯದೇ ಆಗಬೇಕೆಂದು ನಮ್ಮವರು ಹೇಳುತ್ತಿದ್ದುದು ಪ್ರೀತಿಯ ಮಾತೂ ಹೌದು, ಬಟ್ಟೆಯ ಗುಣ ಬಲ್ಲವರ ಮಾತೂ ಹೌದು.

ಇಲ್ಲಿ ಉತ್ತರ ಕನ್ನಡದ ಸಿದ್ದಿ ಹೆಂಗಸರನ್ನು ನೆನೆಯಲೇಬೇಕು. ಹಳಿಯಾಳ, ಯಲ್ಲಾಪುರ, ಮುಂಡಗೋಡಿನ ಕಾಡಂಚಿನಲ್ಲಿರುವ ಆಫ್ರಿಕಾ ಮೂಲದ ಈ ಕನ್ನಡಿಗರು ಹೊಲಿಯುವ ಕವಂದಿ ನಮ್ಮ ಕೌದಿಯ ಸೋದರಿ. ಒಂದು ಮೂಲೆಯಿಂದ ಹೊರಟು ಅಂಚಿನಗುಂಟ ಬಣ್ಣದ ತುಂಡುಗಳನ್ನು ಹೊಲಿಯುತ್ತ, ಸುತ್ತು ಹಾಕುತ್ತ ನಡುವಿಗೆ ಬರುತ್ತಾರೆ. ಅಳತೆಗೋಲು ಹಿಡಿಯುವುದಿಲ್ಲ, ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದನ್ನು ಕೈಯಲ್ಲಿರುವ ಚಿಂದಿಯೂ ಹೊಲಿಯುವವಳ ಕಣ್ಣೂ ಸೇರಿ ತೀರ್ಮಾನಿಸುತ್ತವೆ. ಕಡೆಗೆ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಹೂವು ಇಡುತ್ತಾರೆ. ಅದಕ್ಕೆ ಫುಲ ಎನ್ನುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎಂದು ಅವರ ಭಾವನೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಒಡನಾಟದಲ್ಲಿ 2004ರಲ್ಲಿ ಈ ಹೆಂಗಸರ ಒಂದು ಸಹಕಾರ ಕೂಟ ಹುಟ್ಟಿಕೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಅವರ ಕವಂದಿಗಳು ಗೋಡೆಯ ಮೇಲೆ ತೂಗಿದವು. ಹೈದರಾಬಾದಿನಲ್ಲೂ ಸಿದ್ದಿಗಳಿದ್ದಾರೆ, ಇಲ್ಲಿಯ ಎ.ಸಿ. ಗಾರ್ಡ್ಸ್ ಬಡಾವಣೆಗೆ ಆ ಹೆಸರು ಬಂದದ್ದು ನಿಜಾಮರ ಆಫ್ರಿಕನ್ ಅಶ್ವದಳದಿಂದ. ಕವಂದಿಯಲ್ಲಿ ಎರಡು ತುಂಡು ಒಂದೇ ಅಳತೆಗೆ ಇರುವುದಿಲ್ಲ, ಆರುಮೂಲೆಯಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗಕೂಡದು. ಒಂದು ಅಂಚಿನಿಂದ ಒಳಕ್ಕೆ ಬರುತ್ತದೆ, ಇನ್ನೊಂದು ನಡುವಿನಿಂದ ಹೊರಕ್ಕೆ ಬೆಳೆಯುತ್ತದೆ. ಎರಡೂ ಉಟ್ಟ ಬಟ್ಟೆಯಿಂದಲೇ ಜೀವ ಪಡೆದವು.

ಆರುಮೂಲೆಯ ಹೊದಿಕೆಗಳಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದದ್ದು ಸಿಂಗಪುರದ ಒಂದು ಹೊದಿಕೆ. 1942ರ ಫೆಬ್ರುವರಿಯಲ್ಲಿ ಸಿಂಗಪುರ ಜಪಾನಿ ಸೈನ್ಯದ ವಶವಾದ ಮೇಲೆ ಹೆಂಗಸರು, ಮಕ್ಕಳನ್ನೂ ಚಾಂಗಿ ಸೆರೆಮನೆಯಲ್ಲಿ ಇಟ್ಟರು. ಅಲ್ಲಿ ಎಲಿಜಬೆತ್ ಎನ್ನಿಸ್ ಎಂಬ ದಾದಿ ಸೆರೆಯಲ್ಲಿದ್ದ ಹುಡುಗಿಯರನ್ನು ಕೂಡಿಸಿ ಗೈಡ್ಸ್ ದಳ ನಡೆಸುತ್ತಿದ್ದರು. ಎಂಟರಿಂದ ಹದಿನಾರು ವರ್ಷದ ಇಪ್ಪತ್ತರಷ್ಟು ಹುಡುಗಿಯರು. ಆಕೆಯ ಹುಟ್ಟುಹಬ್ಬಕ್ಕೆಂದು ಅವರು ಗುಟ್ಟಾಗಿ ಒಂದು ಹೊದಿಕೆ ಹೊಲಿಯತೊಡಗಿದರು. ಹೊಸ ಬಟ್ಟೆ ಎಲ್ಲಿಂದ ಬರಬೇಕು? ಹರಿದ ಉಡುಪುಗಳ ಚೂರುಗಳನ್ನು ಕೂಡಿಹಾಕಿದರು. ದಾರವಿಲ್ಲ, ಹಳೆಯ ಬಟ್ಟೆಯ ಹೊಲಿಗೆ ಬಿಚ್ಚಿ ಅದೇ ದಾರ ಬಳಸಿದರು. ಆರುಮೂಲೆಯ ಹೂಗಳನ್ನು ಹೊಲಿದು, ನಡುವಿನ ತುಂಡಿನಲ್ಲಿ ತಮ್ಮ ತಮ್ಮ ಹೆಸರು ಕಸೂತಿ ಹಾಕಿದರು. ಆ ಹೊದಿಕೆ ಈಗ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿದೆ. ಹಸಿದ ಮಕ್ಕಳು ಸೆರೆಮನೆಯಲ್ಲಿ ಹೊಲಿಯಲು ಆರುಮೂಲೆಯನ್ನೇ ಆರಿಸಿಕೊಂಡದ್ದು ಏಕೆಂದು ಹೊಲಿದು ನೋಡಿದವರಿಗೆ ತಿಳಿಯುತ್ತದೆ. ಹೆಬ್ಬೆರಳಗಲದ ಚೂರೂ ಇದಕ್ಕೆ ಸಾಕು; ಮುಷ್ಟಿಯಲ್ಲಿ ಬಚ್ಚಿಟ್ಟುಕೊಳ್ಳಬಹುದು; ಇಪ್ಪತ್ತು ಜನ ಇಪ್ಪತ್ತು ಮೂಲೆಯಲ್ಲಿ ಕುಳಿತು ಹೊಲಿದರೂ ಕಡೆಗೆ ಒಂದಕ್ಕೊಂದು ತಾಳೆಯಾಗಿ ಕೂಡುತ್ತವೆ.

ಇನ್ನು ನಮ್ಮ ಪೆಟ್ಟಿಗೆಗಳ ಬಟ್ಟೆಯ ವಿಷಯಕ್ಕೆ ಬರೋಣ. ಉಟ್ಟ ಬಟ್ಟೆ ಎಂದೆನಲ್ಲ, ಎಲ್ಲವೂ ಆಗುವುದಿಲ್ಲ. ಬೆಳಕಿಗೆ ಹಿಡಿದು ನೋಡಿ, ಎರಡೂ ಹೆಬ್ಬೆರಳಿನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಜಗ್ಗಿ. ಎಳೆ ಬಿಟ್ಟುಕೊಂಡರೆ ಆ ಭಾಗ ಒಳಪದರಕ್ಕೆ. ಸೀರೆಯಲ್ಲಿ ಮೊದಲು ಸವೆಯುವುದು ನೆರಿಗೆಯ ಕೆಳತುದಿ. ಒಳಸುತ್ತಿನ ಭಾಗ ಗಟ್ಟಿಯಾಗಿ ಉಳಿದಿರುತ್ತದೆ. ನಾರಾಯಣಪೇಟೆಯ ಹತ್ತಿ ಸೀರೆ ಇದಕ್ಕೆ ಬಹಳ ಹೊಂದುತ್ತದೆ. ಗಡಿಯಾಚೆಗೆ ತೆಲಂಗಾಣದಲ್ಲಿದ್ದರೂ ಯಾದಗಿರಿ, ರಾಯಚೂರಿನವರಿಗೆ ಅದು ನೆರೆಯ ಊರು, ಕನ್ನಡ ಕೇಳಿಬರುವ ಊರು. ಅದರ ಚಿಕ್ಕ ಚಿಕ್ಕ ಚೌಕುಳಿ ಆರುಮೂಲೆಯೊಳಗೆ ಅಂದವಾಗಿ ಕೂರುತ್ತದೆ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಸೆರಗು ರೇಷ್ಮೆ. ಒಡಲನ್ನಷ್ಟೇ ತೆಗೆದುಕೊಳ್ಳಿ, ಏಕೆಂದರೆ ಹತ್ತಿಯ ಪಕ್ಕ ರೇಷ್ಮೆ ಬಂದರೆ ಒಗೆತಕ್ಕೆ ಬಾಳುವುದಿಲ್ಲ. ಪೋಚಂಪಲ್ಲಿಯ ಬಟ್ಟೆಯಲ್ಲಿ ನೂಲಿಗೇ ಮೊದಲು ಬಣ್ಣ ಕಟ್ಟಿ ನೇಯುವುದರಿಂದ ಚಿತ್ತಾರದ ಅಂಚು ಕರಗಿದಂತೆ ಇರುತ್ತದೆ. ಹೂವಿನ ಆರು ಎಸಳಿಗೆ ಅದಕ್ಕಿಂತ ಚೆಂದದ್ದು ನಾನು ಕಾಣೆ. ಗುಳೇದಗುಡ್ಡದ ಖಣದಲ್ಲಿ ಮೈತುಂಬ ಬುಟ್ಟಾ. ರಟ್ಟಿನಲ್ಲಿ ಆರುಮೂಲೆಯ ಕಿಂಡಿ ಕತ್ತರಿಸಿ ಖಣದ ಮೇಲೆ ಆಡಿಸುತ್ತ ಹೋದರೆ ಒಂದು ಬುಟ್ಟಾ ಸರಿಯಾಗಿ ನಡುವಿಗೆ ಬರುತ್ತದೆ, ಅಲ್ಲಿಗೇ ಗುರುತು ಹಾಕಿ ಕತ್ತರಿಸಬಹುದು. ಖಣದ ಅಂಚು ಬೇಗ ಎಳೆ ಬಿಡುವುದರಿಂದ ಮಡಿಚಲು ಒಂದು ಕಾಳಿನಷ್ಟು ಹೆಚ್ಚು ಬಿಡಿ. ಕುಪ್ಪಸ ಹೊಲಿದು ಉಳಿದ ಖಣದ ಮೂಲೆಗಳನ್ನು ನಮ್ಮ ಅಮ್ಮಂದಿರು ಕೂಸಿನ ಕುಲಾವಿ, ಕುಂಚಿಗೆಗೆ ಹಚ್ಚುತ್ತಿದ್ದರು. ಅವೇ ಈಗ ಈ ಹೂವಿನ ನಡುವಿಗೆ.

ಇಳಕಲ್ ಸೀರೆಯ ವಿಷಯದಲ್ಲಿ ಮಾತ್ರ ನನ್ನ ಕೈ ತಡೆಯುತ್ತದೆ. ಅದರ ಒಡಲನ್ನೂ ಸೆರಗನ್ನೂ ಬೇರೆ ಬೇರೆ ಹಾಸಿನಿಂದ ನೇಯ್ದು, ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೊಂಡಿಯೇ ಒಂದು ದೊಡ್ಡ ವಿದ್ಯೆ. ಒಡಲು ಪೂರ್ತಿ ಹರಿದ ಮೇಲೆ ಬೇಕಾದರೆ ಒಡಲನ್ನು ಬಳಸಿ, ಕೆಂಪು ಬಿಳುಪಿನ ಸೆರಗನ್ನೂ ಆ ಕೊಂಡಿಯ ಭಾಗವನ್ನೂ ಕತ್ತರಿಸದೆ ಎತ್ತಿಡಿ ಎನ್ನುವುದು ನನ್ನ ಕೋರಿಕೆ. ಪಾಲಿಯೆಸ್ಟರ್ ಸೀರೆಗಳನ್ನು ಬಿಟ್ಟೇಬಿಡಿ, ಮಡಿಕೆ ನಿಲ್ಲುವುದಿಲ್ಲ. ಕೆಂಪು, ಕಡುನೀಲಿ ಬಟ್ಟೆಗಳ ಮೇಲೆ ಒದ್ದೆ ಬಿಳಿ ಕರವಸ್ತ್ರ ಉಜ್ಜಿ ನೋಡಿ, ಬಣ್ಣ ಹತ್ತಿದರೆ ಇನ್ನೂ ನಾಲ್ಕು ಒಗೆತ ಕಾಣಲಿ.

ನಮ್ಮ ಕಟ್ಟಡದಲ್ಲಿ ಮಧ್ಯಾಹ್ನ ಕೂಡುವ ಹೆಂಗಸರಲ್ಲಿ ತೆಲುಗಿನವರಿದ್ದಾರೆ, ಮರಾಠಿಯವರಿದ್ದಾರೆ, ಒಡಿಯಾದವರಿದ್ದಾರೆ. ತೆಲಂಗಾಣದವರ ಬೊಂತ, ಮರಾಠಿಗರ ಗೋಧಡಿ, ನಮ್ಮ ಕೌದಿ, ಎಲ್ಲರ ಊರಲ್ಲೂ ಈ ಹೊದಿಕೆ ಉಂಟು, ಎಲ್ಲರ ಊರಲ್ಲೂ ಹೊಲಿಯುವ ಕೈ ಕಡಿಮೆಯಾಗುತ್ತಿದೆ. ನಾನು ಹಠ ಹಿಡಿದು ಪೊಟ್ಟಣದ ಬಟ್ಟೆ ಬೇಡವೆಂದ ಮೇಲೆ ಒಬ್ಬೊಬ್ಬರೇ ಕಪಾಟು ತೆರೆದರು. ಮಾವನವರ ಲುಂಗಿ, ಮಗಳ ಶಾಲೆಯ ಸಮವಸ್ತ್ರದ ಅಂಗಿ, ಸಂಬಲಪುರಿ ಸೀರೆಯ ತುಂಡು, ಹೀಗೆ ಬಂದವು. ಈಗ ಒಬ್ಬರ ಬಟ್ಟೆ ಇನ್ನೊಬ್ಬರ ಹೂವಿನಲ್ಲಿದೆ. ಕನ್ನಡದ ಒಬ್ಬ ಚಿಕ್ಕ ಹುಡುಗಿ ನಮ್ಮೊಂದಿಗೆ ಕುಳಿತು ಕಾಗದ ಬಿಚ್ಚುತ್ತಾಳೆ. ಬಿಚ್ಚಿದ ಪ್ರತಿ ಕಾಗದದ ಹಿಂದೆ ಯಾರ ಮದುವೆ, ಯಾವ ಊರು ಎಂದು ಓದಿ ಹೇಳಿದ ಮೇಲೆಯೇ ಡಬ್ಬಿಗೆ ಹಾಕುವುದು. ಅವಳು ಕನ್ನಡ ಅಕ್ಷರ ಕೂಡಿಸಿ ಓದುವುದನ್ನು ಕಲಿತದ್ದು ಬಹುಪಾಲು ಹೀಗೆಯೇ.

ಆರುಮೂಲೆಯ ಜೋಡಣೆ ಮುಗಿದರೆ ಸಿದ್ಧವಾಗುವುದು ಮೇಲುಹಾಸು ಮಾತ್ರ. ಅದಕ್ಕೆ ಒಳಪದರ, ಅಡಿಪದರ ಸೇರಿಸಿ, ಮೂರನ್ನೂ ಹಿಡಿದು ದಾರ ಎಳೆದರೆ ಆಗ ಹೊದಿಕೆ. ಹೊರದೇಶಗಳಲ್ಲಿ ನಡುವೆ ಹತ್ತಿಯ ಅಥವಾ ಉಣ್ಣೆಯ ದಪ್ಪ ಹಾಳೆ ಹಾಕುತ್ತಾರೆ. ಹೈದರಾಬಾದಿನ ಚಳಿ ಡಿಸೆಂಬರ್, ಜನವರಿಯ ಕೆಲವು ವಾರಗಳದು. ನಮಗೆ ಒಂದೋ ಎರಡೋ ಹಳೆಯ ಸೀರೆಯ ಪದರ ಧಾರಾಳ. ಈ ಕಡೆಯ ಕೆಲಸಕ್ಕೆ ಮತ್ತೆ ಅಂಗಳ ಬೇಕು, ಕೌದಿ ಹೊಲಿಯುವವರ ಕೈ ಬೇಕು. ಅದಕ್ಕೆ ನಾವು ಕಂಡುಕೊಂಡ ದಾರಿ ಹೀಗಿದೆ. ಮೇಲುಹಾಸನ್ನು ಇಲ್ಲಿ ಹೊಲಿದು, ಒಳಪದರದ ಸೀರೆಗಳ ಜೊತೆ ಊರಿಗೆ ಕಳಿಸುತ್ತೇವೆ. ಊರಲ್ಲಿ ಈಗಲೂ ಕೌದಿ ಹೊಲಿಯುವ ಹೆಂಗಸರಿದ್ದಾರೆ. ಅವರು ತಮ್ಮ ರೂಢಿಯಂತೆ ಅಂಚಿನಿಂದ ಒಳಕ್ಕೆ ದಾರ ಎಳೆದು ಮುಗಿಸುತ್ತಾರೆ. ಆರುಮೂಲೆಗಳ ಮೇಲೆ ಅವರ ನೇರ ಸಾಲುಗಳು ಹಾದುಹೋದಾಗ ಬರುವ ಸೊಗಸು ಎರಡೂ ಕೆಲಸಗಳಲ್ಲಿ ಬಿಡಿಬಿಡಿಯಾಗಿ ಇರಲಿಲ್ಲ.

ಕೂಲಿಯ ಮಾತನ್ನೂ ಆಡಿಬಿಡುತ್ತೇನೆ. ಕೌದಿ ಹೊಲಿಸುವಾಗ ಚೌಕಾಸಿ ಮಾಡುವುದು ನಮ್ಮಲ್ಲಿ ಹಳೆಯ ಚಾಳಿ. ಹಳೇ ಅರಿವೆ ತಾನೆ, ಬರೀ ದಾರ ಎಳೆಯುವುದು ತಾನೆ ಎಂದು ಒಂದು ಹೊದಿಕೆಗೆ ಇಷ್ಟು ಎಂದು ಗುತ್ತಿಗೆ ಕೊಟ್ಟು ಕೈತೊಳೆದುಕೊಳ್ಳುತ್ತೇವೆ. ಒಂದು ಮಧ್ಯಾಹ್ನವಿಡೀ ಕುಳಿತು ಎರಡು ಹೂವು ಹೊಲಿದವರಿಗೆ ಆ ದಾರದ ಬೆಲೆ ಗೊತ್ತಾಗಬೇಕು. ಹೆಬ್ಬೆರಳು ತೂತು ಬೀಳುತ್ತದೆ, ಕತ್ತು ಹಿಡಿಯುತ್ತದೆ, ಸಂಜೆಯ ಹೊತ್ತಿಗೆ ಕಣ್ಣು ಮಂಜಾಗುತ್ತದೆ. ಆದ್ದರಿಂದ ನಾವು ದಿನದ ಲೆಕ್ಕದಲ್ಲಿ ಕೊಡುತ್ತೇವೆ. ಆ ಊರಲ್ಲಿ ಹೊಲದ ಕೆಲಸಕ್ಕೆ ಎಷ್ಟು ಕೂಲಿಯೋ ಅದಕ್ಕಿಂತ ಕಡಿಮೆಯಾಗದಂತೆ, ಎಷ್ಟು ಜನ ಕುಳಿತರೋ ಅಷ್ಟು ಜನರಿಗೂ, ದಾರ ಸೂಜಿಯ ಖರ್ಚು ಬೇರೆ. ದರವನ್ನು ಅವರ ಬಾಯಿಂದಲೇ ಮೊದಲು ಹೇಳಿಸಿಕೊಳ್ಳುತ್ತೇವೆ.

ಕಲಬುರಗಿ, ಯಾದಗಿರಿ, ರಾಯಚೂರು ಕಡೆಯಲ್ಲಿ ಈ ಮಾತು ಕೇಳುತ್ತಿರುವ ತಾಯಂದಿರಿಗೆ, ಅಕ್ಕತಂಗಿಯರಿಗೆ ಒಂದು ವಿನಂತಿ. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಯನ್ನೆಲ್ಲ ಹಳ್ಳಕ್ಕೆ ಒಯ್ದು ಒಗೆಯುತ್ತೀರಲ್ಲ, ಆಗ ಹರಿದ ಕೌದಿ ಸಿಕ್ಕರೆ ಎಸೆಯಬೇಡಿ. ಮೇಲಿನ ತೇಪೆಗಳನ್ನು ಬಿಚ್ಚಿ ನೋಡಿ. ಅದರಡಿಗೆ ಇನ್ನೊಂದು ಕಾಲದ ಸೀರೆ ಬಣ್ಣಗೆಡದೆ ಕುಳಿತಿರುತ್ತದೆ. ಎರಡೂವರೆ ಇಂಚಿನ ಚೌಕ ಸಿಕ್ಕಷ್ಟನ್ನೂ ಕತ್ತರಿಸಿ, ಯಾರ ಸೀರೆ ಎಂದು ಒಂದು ಚೀಟಿ ಬರೆದು ಕಟ್ಟಿಡಿ. ಹೈದರಾಬಾದಿಗೋ ಬೆಂಗಳೂರಿಗೋ ಮಗಳ ಮನೆಗೆ ಹೊರಡುವಾಗ ರೊಟ್ಟಿ, ಶೇಂಗಾ ಹಿಂಡಿಯ ಜೊತೆ ಆ ಗಂಟೂ ಚೀಲದಲ್ಲಿರಲಿ.